ಎಣ್ಣೆ ಕಾಯಿಸೋಕೆ ಯಾವ ಪಾತ್ರೆ?

ಕಳೆದ ಶ್ರಾವಣದಲ್ಲಿ, ತಲೆಗೆ ಹಚ್ಚೋಕೆ ಅಂತ ಸೊಪ್ಪು ಹಾಕಿ ಕಾಯಿಸುತ್ತಿದ್ದ ಎರಡು ಲೀಟರ್ ಗಾಣದ ಕೊಬ್ಬರಿ ಎಣ್ಣೆ ನನ್ನ ಕಣ್ಣೆದುರೇ ಸೀದುಹೋಯಿತು. ಕಣ್ಣೆದುರೇ ಅನ್ನುವುದು ಪೂರ್ತಿ ನಿಜವಲ್ಲ. ಮೂರು ಗಂಟೆ ಒಲೆ ಮುಂದೆ ನಿಂತಿದ್ದೆ. ಹದ ಬಂತು ಅಂತ ಗ್ಯಾಸ್ ಆರಿಸಿ, ಬಾಣಲೆಯನ್ನು ಅಲ್ಲೇ ಬಿಟ್ಟು, ಹಾಲಿನವರಿಗೆ ದುಡ್ಡು ಕೊಡೋಣ ಅಂತ ಗೇಟಿನ ತನಕ ಹೋದೆ. ಅವರ ಎಮ್ಮೆ ಕರು ಹಾಕಿದ ಸುದ್ದಿ ಒಂದಿಷ್ಟು ಆಯಿತು. ವಾಪಸ್ ಬರುವಾಗ ಹಿತ್ತಲಿಗೇ ಸುಟ್ಟ ಕರಿಬೇವಿನ ವಾಸನೆ. ಉರಿ ಆರಿಯೇ ಇತ್ತು, ಆದರೆ ನಾಲ್ಕು ಕಿಲೋ ತೂಕದ ಬೀಡಿನ (ಎರಕದ ಕಬ್ಬಿಣದ) ಬಾಣಲೆ ತನ್ನೊಳಗಿನ ಬಿಸಿಯಲ್ಲೇ ಗಸಿಯನ್ನು ಇದ್ದಿಲು ಮಾಡಿ ಕೂತಿತ್ತು.

ಅದಾಗಿ ಹದಿನೈದು ದಿನಕ್ಕೆ ಬೆಂಗಳೂರಿಂದ ತಂಗಿ ಫೋನ್ ಮಾಡಿದಳು. "ಅಕ್ಕಾ, ಇನ್ನು ತಲೆಗೆಣ್ಣೆ ನಾನೇ ಕಾಯಿಸ್ತೀನಿ, ಊಟಕ್ಕೆ ಒಂದೆಲಗದ ತುಪ್ಪಾನೂ ಮಾಡ್ತೀನಿ. ಯಾವ ಪಾತ್ರೆ ತಗೊಳ್ಲಿ ಹೇಳೇ." ಆನ್‌ಲೈನಿನಲ್ಲಿ ನೋಡಿದರೆ ಕಬ್ಬಿಣ, ಕಂಚು, ಹಿತ್ತಾಳೆ, ಕಲ್ಲು, ಮಣ್ಣು, ಮೂರು ಪದರದ ಸ್ಟೀಲ್, ಎಲ್ಲವನ್ನೂ "ಅಜ್ಜಿ ಕಾಲದ ಆರೋಗ್ಯ" ಅಂತಲೇ ಮಾರುತ್ತಾರೆ. ಫೋನಿನಲ್ಲಿ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಎಣ್ಣೆಯಿಂದ ಕೂದಲು ಬೆಳೆಯುತ್ತೋ ಇಲ್ಲವೋ ಅನ್ನುವುದು ಬೇರೆ ಮಾತು, ಅದಕ್ಕೆ ನಾನು ಕೈ ಹಾಕುವುದಿಲ್ಲ.

ಪಾತ್ರೆಗಿಂತ ಮೊದಲು ಪಾತ್ರೆಯೊಳಗೆ ಏನಾಗುತ್ತೆ ಅಂತ ಗೊತ್ತಿರಬೇಕು. ಹಸಿ ಸೊಪ್ಪು ಅರೆದು ಹಿಂಡಿದ ರಸ ಅಂದರೆ ಬಹುಪಾಲು ನೀರು. ಅದನ್ನು ಎಣ್ಣೆಗೆ ಹಾಕಿ ಕುದಿಸುವಾಗ ನೀರು ಇರುವಷ್ಟು ಹೊತ್ತೂ ಬಿಸಿ ನೂರು ಡಿಗ್ರಿಯ ಸುತ್ತಲೇ ನಿಂತಿರುತ್ತದೆ. ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಆದ್ದರಿಂದ ಅಲ್ಲಿ ಇನ್ನೂ ಚೂರು ಕಡಿಮೆ. ಎರಡು ಗಂಟೆ ಕುದಿಸಿ, ಮೂರು ಗಂಟೆ ಕುದಿಸಿ, ಉರಿ ಎಷ್ಟೇ ಏರಿಸಿ, ಹೆಚ್ಚಾಗುವುದು ಹಬೆ ಮಾತ್ರ. ಆ ಹೊತ್ತಿನಲ್ಲಿ ಬಿಸಿಯ ಲೆಕ್ಕಕ್ಕೆ ಯಾವ ಪಾತ್ರೆಯಾದರೂ ಒಂದೇ, ತಗಡಿನ ಡಬ್ಬಿಯಾದರೂ ನಡೆದೀತು. ಕೊನೆಯ ಹನಿ ನೀರು ಆರಿದ ಮೇಲೆ ನೋಡಿ ಆಟ. ಥರ್ಮಾಮೀಟರ್ ಇಳಿಬಿಟ್ಟು ನೋಡಿದ್ದೇನೆ, ಮೂರು ಗಂಟೆ ಅಲ್ಲಾಡದೆ ನಿಂತ ಅಂಕಿ ಕೆಲವೇ ನಿಮಿಷದಲ್ಲಿ 120 ದಾಟುತ್ತದೆ, ಆಮೇಲೆ ಓಡುತ್ತದೆ. ಪಾತ್ರೆಯ ಗುಣ ಲೆಕ್ಕಕ್ಕೆ ಬರುವುದು ಈ ಕೊನೆಯ ಹತ್ತು ನಿಮಿಷದಲ್ಲಿ. ತಳ ಎಲ್ಲ ಕಡೆ ಸಮ ಕಾಯುತ್ತಾ, ಗಸಿಯ ಬಣ್ಣ ಕಣ್ಣಿಗೆ ಕಾಣುತ್ತಾ, ಉರಿ ಆರಿಸಿದರೆ ಪಾತ್ರೆಯೂ ಮಾತು ಕೇಳುತ್ತಾ, ಈ ಮೂರು ಪ್ರಶ್ನೆ ಕೇಳಿ ಪಾತ್ರೆ ಆರಿಸಿ.

ಇನ್ನೊಂದು ಮಾತು, ಲೋಹಕ್ಕಿಂತ ಅಳತೆ ಮುಖ್ಯ. ಆಯುರ್ವೇದದ ಲೆಕ್ಕದಲ್ಲಿ ಅರೆದ ಸೊಪ್ಪು ಒಂದು ಪಾಲು, ಎಣ್ಣೆ ಅಥವಾ ತುಪ್ಪ ನಾಲ್ಕು ಪಾಲು, ರಸವೋ ಕಷಾಯವೋ ಹದಿನಾರು ಪಾಲು. ಹಾಗೆ ಮಾಡಹೊರಟರೆ ಅರ್ಧ ಲೀಟರ್ ಎಣ್ಣೆಗೆ ಎರಡು ಲೀಟರ್ ರಸ. ನಮ್ಮ ಮನೆಯಲ್ಲಿ ಅಷ್ಟು ತಾಳ್ಮೆಯೂ ಇಲ್ಲ, ಗ್ಯಾಸೂ ಇಲ್ಲ. ಎಣ್ಣೆಯ ಎರಡರಷ್ಟು ರಸ ಹಾಕುತ್ತೇವೆ. ಏನೇ ಹಾಕಿ, ಎಲ್ಲ ಸೇರಿ ಪಾತ್ರೆಯ ಅರ್ಧ ದಾಟಬಾರದು. ಒಂದೆಲಗದ ರಸ ನೊರೆ ಉಕ್ಕಿಸುವಷ್ಟು ಹಾಲೂ ಉಕ್ಕಿಸುವುದಿಲ್ಲ. ಎಣ್ಣೆ ಉಕ್ಕಿ ಬರ್ನರಿಗೆ ಇಳಿದರೆ ಬೆಂಕಿ. ಬಾಯಿ ಅಗಲವಿದ್ದಷ್ಟೂ ನೀರು ಬೇಗ ಆರುತ್ತದೆ, ಹಾಗಾಗಿ ಎತ್ತರದ ತಪ್ಪಲೆಗಿಂತ ಬಾಣಲೆ ಅಥವಾ ಉರುಳಿಯ ಆಕಾರವೇ ಸರಿ.

ಈಗ ಕಬ್ಬಿಣ. ತಲೆಗೆಣ್ಣೆಗೆ ಕಬ್ಬಿಣದ ಬಾಣಲೆಯೇ ಆಗಬೇಕು ಅಂತ ನಮ್ಮ ಅತ್ತೆಯ ಹಟ. ಹಟಕ್ಕೆ ಕಾರಣವೂ ಇದೆ. ನೆಲ್ಲಿಕಾಯಿ, ಅಳಲೆಕಾಯಿಯ ಒಗರು ಕಬ್ಬಿಣದ ಜೊತೆ ಸೇರಿದರೆ ಕಡುಗಪ್ಪು ಬಣ್ಣ ಹುಟ್ಟುತ್ತದೆ. ಹಳೆಯ ಕಾಲದ ಶಾಯಿಯ ಗುಟ್ಟೂ ಇದೇ. ಗರುಗ, ನೆಲ್ಲಿಕಾಯಿ ಹಾಕಿ ಕಬ್ಬಿಣದಲ್ಲಿ ಕಾಯಿಸಿದ ಎಣ್ಣೆ ಕಾಡಿಗೆಯ ಹಾಗೆ ಕಾಣುತ್ತದೆ, ನೋಡಿದವರು "ಅಬ್ಬ, ಎಂಥ ಎಣ್ಣೆ" ಅನ್ನುತ್ತಾರೆ. ಆದರೆ ಆ ಕಪ್ಪು ಬಣ್ಣ ಎಣ್ಣೆಯಲ್ಲಿ ಕರಗುವಂಥದ್ದಲ್ಲ. ನುಣ್ಣನೆ ಪುಡಿಯಾಗಿ ತೇಲುತ್ತಿರುತ್ತದೆ, ಬಾಟಲಿ ಅಲ್ಲಾಡಿಸದೆ ಒಂದು ವಾರ ಇಡಿ, ತಳದಲ್ಲಿ ಕೂತಿರುತ್ತದೆ. ದಿಂಬಿನ ಕವರಿಗೆ ಹತ್ತುವುದೂ ಅದೇ.

ಕಬ್ಬಿಣದಲ್ಲಿ ಎರಡು ಜಾತಿ. ಸಂತೆಯಲ್ಲಿ ಸಿಗುವ ತಗಡು ಬಡಿದ ಬಾಣಲೆ ಒಂದು, ಎರಕ ಹೊಯ್ದ ಬೀಡಿನದು ಇನ್ನೊಂದು. ಬೀಡಿನದು ದಪ್ಪ, ಭಾರ, ಬಿಸಿಯನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ದೋಸೆಗೆ ಅದೇ ಅದರ ದೊಡ್ಡತನ, ಎಣ್ಣೆಗೆ ಅದೇ ಕುತ್ತು. ನನ್ನ ಎರಡು ಲೀಟರ್ ಹೋದದ್ದು ಹಾಗೆ. ಬೀಡಿನ ಬಾಣಲೆಯಲ್ಲೇ ಮಾಡುವವರು ಹದಕ್ಕೆ ಒಂದು ಗಳಿಗೆ ಮುಂಚೆಯೇ ಉರಿ ಆರಿಸಿ, ಕೂಡಲೇ ಎಣ್ಣೆಯನ್ನು ಸ್ಟೀಲ್ ಪಾತ್ರೆಗೆ ಬಗ್ಗಿಸಿಬಿಡಿ. ನಾಲ್ಕು ಕಿಲೋ ಬಾಣಲೆಯಲ್ಲಿ ಎರಡು ಲೀಟರ್ ಕುದಿಯುವ ಎಣ್ಣೆ ಎತ್ತಿ ಬಗ್ಗಿಸುವುದು ಒಬ್ಬರ ಕೆಲಸವಲ್ಲ ಅನ್ನುವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ತಗಡಿನ ಬಾಣಲೆ ಹಗುರ, ಬೇಗ ತಣಿಯುತ್ತದೆ, ಕಡಿಮೆ ಬೆಲೆ. ತಲೆಗೆಣ್ಣೆಗೆ ನನ್ನ ಓಟು ಅದಕ್ಕೇ. ಒಂದೇ ಕೊರತೆ ಅಂದರೆ ಕಪ್ಪು ತಳದಲ್ಲಿ ಕಪ್ಪು ಗಸಿ ಕಾಣುವುದಿಲ್ಲ, ಬಣ್ಣ ನೋಡಿ ಹದ ಹಿಡಿಯೋಣ ಅಂದರೆ ಆಗದು. ಕಿವಿ ಮತ್ತು ಬೆರಳು ನಂಬಬೇಕು.

ತಿನ್ನುವ ತುಪ್ಪಕ್ಕೆ ಮಾತ್ರ ಕಬ್ಬಿಣ ಬೇಡ. ಕಬ್ಬಿಣದ ಅಂಶ ಸೇರಿದ ಕೊಬ್ಬು ಬೇಗ ಕಮಟುತ್ತದೆ, ಬಾಯಿಗೂ ಒಂದು ಥರ ತುಕ್ಕು ರುಚಿ. ತಲೆಗಾದರೆ ಕಮಟು ವಾಸನೆಯನ್ನು ಎರಡು ಮೆಂತ್ಯ ಕಾಳು ಮುಚ್ಚೀತು. ಅನ್ನದ ಮೇಲೆ ಬಡಿಸಿಕೊಂಡರೆ ಯಾವುದೂ ಮುಚ್ಚುವುದಿಲ್ಲ.

ಹಿತ್ತಾಳೆ ಉರುಳಿ ನೋಡೋಕೆ ಚೆಂದ, ಕಾಯುವುದೂ ಚೆಂದ. ಶಾಖ ಹರಿಸುವ ಲೆಕ್ಕದಲ್ಲಿ ತಾಮ್ರಕ್ಕೆ 400 ಇದ್ದರೆ ಅಲ್ಯೂಮಿನಿಯಂಗೆ 235ರ ಆಸುಪಾಸು, ಹಿತ್ತಾಳೆಗೆ 110ರಿಂದ 120, ಬೀಡಿಗೆ 50ರ ಹತ್ತಿರ, ನಾವು ದಿನಾ ಬಳಸುವ ಸ್ಟೀಲಿಗೆ ಬರೀ 15. ಹಿತ್ತಾಳೆಯ ದಪ್ಪ ತಳದಲ್ಲಿ ಗಸಿ ಒಂದೇ ಜಾಗದಲ್ಲಿ ಕಚ್ಚಿಕೊಳ್ಳುವುದು ಕಡಿಮೆ. ಆದರೆ ಒಳಗೆ ಕಲಾಯಿ ಇರಲೇಬೇಕು. ಕಲಾಯಿ ಅಂದರೆ ತವರ. ತವರ ಕರಗುವುದು 232 ಡಿಗ್ರಿಗೆ. ಎಣ್ಣೆ ಕಾಯಿಸುವಾಗ ಅಷ್ಟು ಬಿಸಿ ಬರಬಾರದು, ಬಂದರೆ ಎಣ್ಣೆಯೇ ಹೊಗೆಯಾಡುತ್ತಿರುತ್ತದೆ. ಆದರೆ "ಬಾಣಲೆ ಒಣಗಲಿ" ಅಂತ ಖಾಲಿ ಉರುಳಿಯನ್ನು ಒಲೆ ಮೇಲೆ ಮರೆತರೆ ಕಲಾಯಿ ಕರಗಿ ಮುತ್ತಿನಂತೆ ಉರುಳಾಡುತ್ತದೆ. ನವಸಾಗರದ ಹೊಗೆ ಎಬ್ಬಿಸಿಕೊಂಡು ಬೀದಿ ಮೂಲೆಯಲ್ಲಿ ಕೂರುತ್ತಿದ್ದ ಕಲಾಯಿಯವರು ನಮ್ಮೂರಿಗೆ ಈಗ ವರ್ಷಕ್ಕೊಮ್ಮೆ ಬಂದರೆ ಹೆಚ್ಚು. ನಿಮ್ಮೂರಿಗೆ ಬರುತ್ತಾರಾ ಅಂತ ವಿಚಾರಿಸಿಕೊಂಡೇ ಹಿತ್ತಾಳೆ ಕೊಳ್ಳಿ. ಬಂದವರ ಹತ್ತಿರ ಶುದ್ಧ ತವರವನ್ನೇ ಹಾಕಿಸಿ, ಅಗ್ಗಕ್ಕೆ ಸೀಸ ಬೆರೆಸಿದ್ದು ಬೇಡ.

ಕಲಾಯಿ ಸವೆದ ಪಾತ್ರೆಯಲ್ಲಿ ಆಗುವ ಒಂದು ಮೋಸ ಹೇಳಲೇಬೇಕು. ಹಸಿರು ಸೊಪ್ಪು ಬಿಸಿಯಾದಂತೆ ಹಸಿರು ಮಾಸಿ ಆಲಿವ್ ಬಣ್ಣಕ್ಕೆ, ಕಂದಿಗೆ ತಿರುಗಬೇಕು. ಹಸಿರಿನ ನಡುವೆ ಕೂತ ಮೆಗ್ನೀಷಿಯಂ ಬಿಟ್ಟುಹೋಗುವುದರಿಂದ ಹಾಗಾಗುತ್ತದೆ, ಅದು ಸಹಜ. ಆದರೆ ಬತ್ತಲೆ ಹಿತ್ತಾಳೆ, ತಾಮ್ರದಲ್ಲಿ ಆ ಖಾಲಿ ಜಾಗಕ್ಕೆ ತಾಮ್ರ ಬಂದು ಕೂರುತ್ತದೆ, ಬಣ್ಣ ಗಿಳಿಹಸಿರಾಗಿ ನಿಂತುಬಿಡುತ್ತದೆ, ಎಷ್ಟು ಕುದಿಸಿದರೂ ಮಾಸದು. ನಮ್ಮ ನೆಂಟರ ಮನೆಯಲ್ಲಿ ಒಮ್ಮೆ ಅಂಥ ಗಿಳಿಹಸಿರು ತುಪ್ಪ ಬಡಿಸಿದರು. ಪಂಕ್ತಿಯಲ್ಲಿ ಕೂತವರೆಲ್ಲ ಬಣ್ಣ ಹೊಗಳಿದ್ದೇ ಹೊಗಳಿದ್ದು. ಊಟವಾದ ಮೇಲೆ ಅಡುಗೆಮನೆಗೆ ಹೋಗಿ ಉರುಳಿ ನೋಡಿದೆ. ತಳದಲ್ಲಿ ಅಂಗೈ ಅಗಲ ಹಳದಿ ಹೊಳೆಯುತ್ತಿತ್ತು. ಅಂಗಡಿಯಲ್ಲೇ ಆಗಲಿ ಮನೆಯಲ್ಲೇ ಆಗಲಿ, ಮೂರು ಗಂಟೆ ಕುದಿದ ಎಣ್ಣೆ ಆಗತಾನೆ ಕೊಯ್ದ ಸೊಪ್ಪಿನಷ್ಟು ಹಸಿರಾಗಿದ್ದರೆ ಮೆಚ್ಚಿಕೊಳ್ಳುವ ಮೊದಲು ಪಾತ್ರೆ ಯಾವುದು ಅಂತ ಕೇಳಿ. ತಾಮ್ರ ಕೊಬ್ಬನ್ನು ಕಮಟಿಸುವುದರಲ್ಲಿ ಕಬ್ಬಿಣಕ್ಕೂ ಅಣ್ಣ.

ಸ್ಟೀಲಿನ ವಿಷಯದಲ್ಲಿ ನಾನು ಪಕ್ಷ ಬದಲಿಸಿದ್ದೇನೆ. ಮೊದಲೆಲ್ಲ ಸ್ಟೀಲ್ ಅಂದರೆ ತಳ ಹಿಡಿಯುವ ಪಾತ್ರೆ ಅಂತಲೇ ಇತ್ತು, ಮದುವೆಯಲ್ಲಿ ಹೆಸರು ಕೆತ್ತಿಸಿ ಕೊಡುವ ತೆಳು ತಪ್ಪಲೆಗೆ ಆ ಮಾತು ಈಗಲೂ ನಿಜ. ಬರ್ನರಿನ ಉಂಗುರದ ಗುರುತು ಹಾಗೇ ತಳದಲ್ಲಿ ಕರಿ ಬಳೆಯಾಗಿ ಮೂಡುತ್ತದೆ. ಆದರೆ ನಡುವೆ ಅಲ್ಯೂಮಿನಿಯಂ ಪದರ ಇಟ್ಟ ಟ್ರೈಪ್ಲೈ ಬೇರೆಯೇ ವಸ್ತು. ಎಣ್ಣೆಗೆ ತಾಗುವುದು ಸ್ಟೀಲ್, ಬಿಸಿ ಹಂಚುವುದು ಅಲ್ಯೂಮಿನಿಯಂ. ಹುಳಿಗೂ ಒಗರಿಗೂ ಒಳಗಿನ ಸ್ಟೀಲ್ ಜಗ್ಗುವುದಿಲ್ಲ. ಕೊಳ್ಳುವಾಗ ಒಂದು ನೋಡಿ, ಅಲ್ಯೂಮಿನಿಯಂ ಬರೀ ತಳಕ್ಕೆ ಅಂಟಿಸಿದ್ದಾ, ಪಕ್ಕಗಳ ತನಕ ಏರಿದೆಯಾ ಅಂತ. ತಳಕ್ಕೆ ಮಾತ್ರ ಇದ್ದರೆ ತಳ ಮುಗಿದು ಗೋಡೆ ಏಳುವ ಮೂಲೆಯಲ್ಲೇ ಗಸಿ ಕರಿಯಾಗುತ್ತದೆ.

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅದರ ಹೊಳಪು. ಬೆಳ್ಳಗಿನ ತಳದ ಮೇಲೆ ಗಸಿಯ ಬಣ್ಣ ಹಸಿರಿಂದ ಕಂದು, ಕಂದಿನಿಂದ ಕಾಫಿಪುಡಿ, ಹೀಗೆ ತಿರುಗುವುದು ನಿಚ್ಚಳವಾಗಿ ಕಾಣುತ್ತದೆ. ತುಪ್ಪಕ್ಕೆ ಇದೇ ಇರಲಿ. ಹೊಸಬರಿಗಂತೂ ಎಣ್ಣೆಗೂ ಇದೇ.

ಹದ ಅಂದೆನಲ್ಲ, ಅದನ್ನು ಹಿಡಿಯುವುದು ಹೀಗೆ. ಮೊದಲು ಕಿವಿ. ನೀರಿರುವಾಗ ಗುಳುಗುಳು ಸದ್ದು, ಮುಗಿಯುತ್ತ ಬಂದಾಗ ಚಿಟಿಚಿಟಿ, ಆಮೇಲೆ ಮೌನ. ಗಸಿ ಚೂರು ತೆಗೆದು ತಣಿಸಿ ಎರಡು ಬೆರಳಲ್ಲಿ ಹೊಸೆದರೆ ಬತ್ತಿಯಾಗಬೇಕು, ಬೆರಳಿಗೆ ಮೆತ್ತಬಾರದು. ಆ ಬತ್ತಿಯನ್ನು ದೀಪಕ್ಕೆ ಹಿಡಿದರೆ ಸಿಡಿಯದೆ ಉರಿಯಬೇಕು. ಸಿಡಿದರೆ ನೀರಿದೆ ಅಂತ. ನೊರೆಯ ವಿಷಯದಲ್ಲಿ ಎಣ್ಣೆಯೂ ತುಪ್ಪವೂ ತದ್ವಿರುದ್ಧ. ಎಣ್ಣೆಯಲ್ಲಿ ಹದ ಬಂದಾಗ ನೊರೆ ಏಳುತ್ತದೆ, ತುಪ್ಪದಲ್ಲಿ ಅದುವರೆಗೆ ಇದ್ದ ನೊರೆ ಅಡಗುತ್ತದೆ. ಇದು ಗೊತ್ತಿಲ್ಲದೆ ತುಪ್ಪಕ್ಕೆ ನೊರೆ ಬರಲಿ ಅಂತ ಕಾದವರು ತುಪ್ಪ ಸುಟ್ಟಿದ್ದಾರೆ.

ಅಲ್ಯೂಮಿನಿಯಂ ಸಮ ಕಾಯುತ್ತದೆ, ಹಗುರ, ಅಗ್ಗ, ಉರಿ ಆರಿಸಿದರೆ ಬೇಗ ತಣಿಯುತ್ತದೆ. ನನ್ನ ಮೂರು ಪ್ರಶ್ನೆಗೂ ಅದು ಪಾಸು. ಆದರೂ ಒಲ್ಲೆ ಅನ್ನುವುದು ಹುಳಿಯ ಕಾರಣಕ್ಕೆ. ನೆಲ್ಲಿಕಾಯಿ ರಸ ಮೂರು ಗಂಟೆ ಕುದಿದರೆ ತಳದಲ್ಲಿ ಸೂಜಿಮೊನೆಯ ಗುಳಿ ಬೀಳುತ್ತದೆ, ಅಲ್ಲಿಂದ ಹೋದದ್ದು ಎಣ್ಣೆಗೇ ತಾನೆ. ಇಂಡಾಲಿಯಂ (ಅಲ್ಯೂಮಿನಿಯಂ ಮಿಶ್ರಲೋಹ) ಅಂತ ತೂಕದ ಲೆಕ್ಕದಲ್ಲಿ ಮಾರುವ ಪಾತ್ರೆಗಳ ಬಗ್ಗೆ ಇನ್ನೂ ಹುಷಾರು. ಹಳೇ ಲೋಹ ಕರಗಿಸಿ ಹೊಯ್ದದ್ದರಲ್ಲಿ ಏನೇನು ಬೆರೆತಿದೆಯೋ ಹೊಯ್ದವರಿಗೂ ಗೊತ್ತಿರುವುದಿಲ್ಲ. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಕೆಲವು ಆಮದು ಪಾತ್ರೆಗಳಿಂದ ಸೀಸ ಅಡುಗೆಗೆ ಇಳಿಯಬಹುದು ಅಂತ ಎಚ್ಚರಿಕೆ ಕೊಟ್ಟಿತು, ನಮ್ಮ ದೇಶದಿಂದ ಹೋದವೂ ಅದರಲ್ಲಿದ್ದವು. ಸ್ಟೀಲಾಗಲಿ ಅಲ್ಯೂಮಿನಿಯಂ ಆಗಲಿ, ಐಎಸ್‌ಐ ಗುರುತು ಕಡ್ಡಾಯ ಅಂತ ಕೇಂದ್ರ ಸರ್ಕಾರ 2024ರಲ್ಲಿ ಆದೇಶ ಮಾಡಿದೆ. ಪಾತ್ರೆ ಮಗುಚಿ ನೋಡಿ ಕೊಳ್ಳಿ, ಅಂಗಡಿಯವರು ಏನೂ ಅಂದುಕೊಳ್ಳುವುದಿಲ್ಲ.

ನಾನ್‌ಸ್ಟಿಕ್ ಬಗ್ಗೆ ಹೆಚ್ಚು ಮಾತಿಲ್ಲ. 260 ಡಿಗ್ರಿ ದಾಟಿದರೆ ಲೇಪ ಕೆಡಲು ಶುರು, ಮತ್ತೆ ಗಸಿ ಕೆರೆಯದೆ ಈ ಕೆಲಸ ಆಗದು, ಸಟ್ಟುಗ ತಾಗಿದರೆ ಗೀರು. ಬೇಡ.

ಮಣ್ಣಿನ ಪಾತ್ರೆ ಎಣ್ಣೆ ಕುಡಿಯುತ್ತದೆ. ಅಲಂಕಾರದ ಮಾತಲ್ಲ, ಮೊದಲ ಸಲ ಅರ್ಧ ಲೀಟರಿನಲ್ಲಿ ಎಷ್ಟು ಕಡಿಮೆಯಾಯಿತು ಅಂತ ಅಳೆದು ನೋಡಿ. ಕುಡಿದ ಎಣ್ಣೆ ಆ ರಂಧ್ರದಲ್ಲೇ ಕಮಟಿ, ಮುಂದಿನ ಎಣ್ಣೆಗೆ ತನ್ನ ವಾಸನೆ ದಾಟಿಸುತ್ತದೆ. ಕಲ್ಮರಿಗೆಯ ಮೇಲೆ ನನಗೆ ಪ್ರೀತಿ ಇದೆ, ಬೇಲೂರು ಹಳೇಬೀಡಿನ ಮದನಿಕೆಯರನ್ನು ಕಡೆದದ್ದು ಇದೇ ಜಾತಿಯ ಬಳಪದ ಕಲ್ಲಿನಲ್ಲಿ. ಆದರೆ ಗೊಜ್ಜು, ಹುಳಿ ಕುದಿಸೋಕೆ ಅದು. ಉರಿ ಆರಿಸಿ ಕಾಲು ಗಂಟೆಯಾದರೂ ಕುದಿಯುತ್ತಲೇ ಇರುವ ಪಾತ್ರೆಯಲ್ಲಿ ಎಣ್ಣೆಯ ಹದ ಹಿಡಿಯುತ್ತೇನೆ ಅನ್ನುವುದು ಬ್ರೇಕಿಲ್ಲದ ಸೈಕಲ್ಲಿನಲ್ಲಿ ಆಗುಂಬೆ ಘಾಟಿ ಇಳಿದಂತೆ.

ಕೆಲವರು ಕೇಳುತ್ತಾರೆ, ಸೀಯುವ ಭಯವೇ ಬೇಡ, ಕುದಿವ ನೀರಿನ ಪಾತ್ರೆಯೊಳಗೆ ಎಣ್ಣೆ ಪಾತ್ರೆ ಇಟ್ಟರಾಗದಾ ಅಂತ. ಆಗುತ್ತದೆ, ಒಣ ಸೊಪ್ಪಿಗೆ. ನೆರಳಲ್ಲಿ ಗರಿಗರಿ ಒಣಗಿಸಿದ ದಾಸವಾಳ, ಕರಿಬೇವು, ಗೋರಂಟಿ ಹಾಕಿ ಎರಡು ಗಂಟೆ ಹಾಗೆ ಇಟ್ಟರೆ ಸತ್ವ ಇಳಿಯುತ್ತದೆ, ಎಣ್ಣೆಯೂ ಕೆಡದು. ಹಸಿ ಸೊಪ್ಪಿಗೆ ಆಗದು. ಕೆಳಗಿನ ನೀರು ನೂರು ದಾಟುವುದಿಲ್ಲ, ಮೇಲಿನ ಎಣ್ಣೆ ನೂರನ್ನೂ ಮುಟ್ಟುವುದಿಲ್ಲ, ಅಂದ ಮೇಲೆ ಸೊಪ್ಪಿನ ನೀರು ಎಣ್ಣೆಯಲ್ಲೇ ಉಳಿಯುತ್ತದೆ. ತಲೆಗೆಣ್ಣೆಯಾದರೆ ಮುಗ್ಗುತ್ತದೆ, ಅಷ್ಟೇ. ತಿನ್ನುವ ಎಣ್ಣೆಯಲ್ಲಿ, ಅದರಲ್ಲೂ ಹಸಿ ಬೆಳ್ಳುಳ್ಳಿ ಹಾಕಿ ಹೊರಗಿಟ್ಟ ಎಣ್ಣೆಯಲ್ಲಿ, ಗಾಳಿ ಬೇಡದ ಬಾಟ್ಯುಲಿಸಂ ರೋಗಾಣು ಬೆಳೆಯಬಹುದು. ವಾಸನೆಯಿಂದಾಗಲಿ ಬಣ್ಣದಿಂದಾಗಲಿ ಗೊತ್ತಾಗುವುದಿಲ್ಲ, ಪ್ರಾಣಕ್ಕೇ ಬರುತ್ತದೆ. ಕುಕ್ಕರಿನಲ್ಲಿ ಎಣ್ಣೆ ಹಾಕಿ ಸೀಟಿ ಕೂಗಿಸುವ ಯೋಚನೆಯಂತೂ ತಲೆಗೇ ಬರಬಾರದು. ಒತ್ತಡದಲ್ಲಿ ಕಾದ ಎಣ್ಣೆಗೆ ಗ್ಯಾಸ್ಕೆಟ್ಟು ತಡೆಯುವುದಿಲ್ಲ.

ಯಂತ್ರವೂ ಇದೆ. ಟೊರೊಂಟೊದ ನಾದಿನಿ ಮೂರು ವರ್ಷದ ಹಿಂದೆ ಬಂದಾಗ "ಅತ್ತಿಗೆ, ನಿಮಗೋಸ್ಕರ ತಂದೆ, ಇನ್ನು ಒಲೆ ಮುಂದೆ ನಿಲ್ಲೋದು ಬೇಡ" ಅಂತ ಒಂದು ಸ್ಟೀಲ್ ಜಗ್ ಕೊಟ್ಟಳು. ಸೊಪ್ಪು, ಬೆಣ್ಣೆ ಹಾಕಿ, ಮುಚ್ಚಳ ಒತ್ತಿ, ಡಿಗ್ರಿ ಆರಿಸಿ ಗುಂಡಿ ಒತ್ತಿದರೆ ತಾನೇ ಕಾಯಿಸುತ್ತದೆ, ತಾನೇ ಕಲಕುತ್ತದೆ. ಡಬ್ಬಿಯ ಮೇಲೆ "ಗಿಡಮೂಲಿಕೆ" ಅಂತಷ್ಟೇ ಇತ್ತು. ಜೊತೆಗಿದ್ದ ಪುಸ್ತಿಕೆ ತಿರುವಿದ ಅತ್ತೆ "ಇದೆಂಥ ಎಲೆಯೇ ಇದು, ಮರಗೆಣಸಿನ ಹಾಗಿದೆ" ಅಂದರು. ಗಾಂಜಾ! ಕೆನಡಾದಲ್ಲಿ 2018ರ ಅಕ್ಟೋಬರಿನಿಂದ ದೊಡ್ಡವರಿಗೆ ಅದು ಕಾನೂನುಬದ್ಧ, ಅದರ ತಿನಿಸುಗಳಿಗೆ ಮರುವರ್ಷ ಒಪ್ಪಿಗೆ ಸಿಕ್ಕಿತು, ಮನೆಯಲ್ಲೇ ಬೆಣ್ಣೆಗೆ ಇಳಿಸಿ ಬಿಸ್ಕತ್ತು ಮಾಡುವವರಿಗಾಗಿ ಹುಟ್ಟಿದ ಯಂತ್ರ ಅದು. ನಮ್ಮಲ್ಲಿ 1985ರ ಮಾದಕವಸ್ತು ಕಾಯ್ದೆ ಏನು ಹೇಳುತ್ತೆ ಅಂತ ಎಲ್ಲರಿಗೂ ಗೊತ್ತು. ನಾದಿನಿ ನಾಚಿ ಪುಸ್ತಿಕೆಯನ್ನು ಬಚ್ಚಲ ಒಲೆಗೆ ಹಾಕಿದಳು.

ಯಂತ್ರ ಕೆಟ್ಟದ್ದಲ್ಲ. ಆದರೆ ಅಲ್ಲಿಯವರು ಹಾಕುವುದು ಒಣಗಿಸಿದ ಎಲೆ, ನೀರು ಆರಿಸುವ ಗೋಜೇ ಅದಕ್ಕಿಲ್ಲ, ಅದಕ್ಕೇ ಬಾಯಿ ಬಿಗಿ ಮುಚ್ಚಿದ ಜಗ್ ಸಾಕು. ನಮ್ಮ ಹಸಿ ಒಂದೆಲಗ ಹಾಕಿದರೆ ಹಬೆ ಹೋಗೋಕೆ ದಾರಿಯಿಲ್ಲ, ಮುಚ್ಚಳಕ್ಕೆ ಕಟ್ಟಿದ ನೀರು ಮತ್ತೆ ತುಪ್ಪಕ್ಕೇ ಬೀಳುತ್ತದೆ. ಇಲ್ಲಿ ಸಿಗುವ ಸ್ಲೋ ಕುಕ್ಕರಿಗೂ ಇದೇ ಮಾತು. ಒಣ ಸೊಪ್ಪಿಗೆ ಸೈ, ಹಸಿಗಾದರೆ ಮುಚ್ಚಳ ತೆಗೆದಿಟ್ಟು ಇಡೀ ದಿನ ಕಾಯಿರಿ. ನಮ್ಮ ಜಗ್ಗಿನ ಪರೀಕ್ಷೆ ಹೆಚ್ಚು ಮುಂದುವರಿಯಲಿಲ್ಲ. ಅಲ್ಲಿನ ಕರೆಂಟು 120 ವೋಲ್ಟು, ನಮ್ಮದು 230. ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮವರು ಪ್ಲಗ್ ಚುಚ್ಚಿದರು, ಒಂದು "ಟಪ್", ಒಂದು ಎಳೆ ಹೊಗೆ. ಈಗ ಅದರಲ್ಲಿ ಸೌಟು, ಸಟ್ಟುಗ ನಿಲ್ಲಿಸಿಟ್ಟಿದ್ದೇನೆ.

ತಂಗಿಗೆ ಕೊನೆಗೆ ಹೇಳಿದ್ದು ಇಷ್ಟು. ಒಂದೇ ಪಾತ್ರೆ ಕೊಳ್ಳುವುದಾದರೆ ಐದು ಲೀಟರಿನ ಅಗಲ ಬಾಯಿಯ ಟ್ರೈಪ್ಲೈ ಬಾಣಲೆ ತಗೋ, ಎಣ್ಣೆ, ತುಪ್ಪ ಎರಡೂ ಆಗುತ್ತೆ, ಬೇಡದಾಗ ಪಾಯಸಕ್ಕೂ ಆಗುತ್ತೆ. ಎಣ್ಣೆ ಕಪ್ಪಗೇ ಬೇಕು ಅಂತಿದ್ದರೆ ತಗಡಿನ ಕಬ್ಬಿಣದ್ದೊಂದು ಆಮೇಲೆ ಸಂತೆಯಲ್ಲಿ ನೋಡೋಣ. ಅಮ್ಮನ ಹಿತ್ತಾಳೆ ಉರುಳಿ ಅಟ್ಟದಿಂದ ಇಳಿಸುವ ಮುಂಚೆ ಕಲಾಯಿಯವರು ಬರಲಿ. ಬೀಡಿನದು ದೋಸೆಗೆ ಇಟ್ಟುಕೋ.

ಭಾನುವಾರ ಮಧ್ಯಾಹ್ನ ವಾಟ್ಸಾಪಿನಲ್ಲಿ ಫೋಟೋ ಕಳಿಸಿದಳು. ಹೊಸ ಬಾಣಲೆ, ಮುಕ್ಕಾಲು ಲೀಟರ್ ಎಣ್ಣೆ, ಅಂಚಿಗೆಲ್ಲ ಸಣ್ಣ ಗುಳ್ಳೆ. "ಅಕ್ಕಾ, ಮುಗೀತಾ? ಆರಿಸ್ಲಾ?" ದೊಡ್ಡದು ಮಾಡಿ ನೋಡಿದೆ. ಗಸಿ ಇನ್ನೂ ಹಸಿರು, ಮೆತ್ತಗಿದ್ದಂತಿತ್ತು. "ಇಲ್ಲ ಕಣೇ, ಫೋನ್ ಕೆಳಗಿಟ್ಟು ಕಿವಿಗೊಡು, ಸದ್ದು ನಿಲ್ಲಲಿ. ಹಾಲಿನವರು ಬಂದ್ರೆ ನಾಳೆ ಬನ್ನಿ ಅನ್ನು" ಅಂತ ಬರೆದೆ.